ಗಾಬರಿ ಸಲಾಕೆ

ಮಂಡಿಪೇಟೆಯ ಸೀರೆ ಅಂಗಡಿ, ಮೂರನೇ ಮಹಡಿ, ಹಿಂಗೋಡೆ.
ಏಪ್ರಿಲ್ ಮಧ್ಯಾಹ್ನ. ಕಬ್ಬಿಣದ ಬಾಗಿಲು ಮುಟ್ಟಿದರೆ ಕಾದ ಹಂಚು.
ನೆಲದಿಂದ ಒಂದು ಮೀಟರಿಗೆ ಪೆನ್ಸಿಲ್ ಗೀಟೆಳೆದು
ರಸಮಟ್ಟ ಇಟ್ಟೆ. ಗುಳ್ಳೆ ಎಡಕ್ಕೆ ಹೋಯಿತು,
ಯೋಚಿಸಿತು,
ನಡುವಿಗೆ ಬಂದು ಕೂತಿತು.

"ಪ್ಯಾನಿಕ್ ಬಾರ್ ಅಂದ್ರೇನಣ್ಣ?" ಅಂದ ಅತಾವುಲ್ಲಾ,
ಕೆಲಸಕ್ಕೆ ಸೇರಿ ಒಂಬತ್ತು ದಿನ.
ಗಾಬರಿ ಬಿದ್ದಾಗ ಒತ್ತೋ ಸಲಾಕೆ ಅಂದೆ.
"ಗಾಬರಿ ಸಲಾಕೆ" ಎಂದು ಎರಡು ಸಲ ಹೇಳಿ ನೋಡಿ
ಖಾಲಿ ಡಬ್ಬದ ಮೇಲೆ ಹಾಗೇ ಬರೆದಿಟ್ಟ.
ಈಗ ಹಾರ್ಡ್‌ವೇರ್ ಅಂಗಡಿಯಲ್ಲೂ
ಹಾಗೆ ಕೇಳಿದರೇ ಕೊಡುತ್ತಾರೆ.

ನಾನು ಬಡಗಿಯ ಮಗ.
ಅಪ್ಪ ಮಾಡಿದ ಬಾಗಿಲೆಲ್ಲ ಒಳಕ್ಕೆ ತೆರೆಯುವಂಥವು:
ಬಂದವರು ತಳ್ಳಬೇಕು, ಇದ್ದವರು ಸರಿದು ಜಾಗ ಕೊಡಬೇಕು.
ಹೊಸಿಲಿಲ್ಲದ್ದು ಬಾಗಿಲೇ ಅಲ್ಲ ಅನ್ನುತ್ತಿದ್ದ.
ಇದಕ್ಕೆ ಹೊಸಿಲಿಲ್ಲ, ಎಡವುತ್ತಾರೆ.
ಹೊರಮೈಗೆ ಹಿಡಿಯೂ ಇಲ್ಲ.
ಯಾರನ್ನೂ ಬಾ ಎನ್ನದ ಬಾಗಿಲು.
ಹೋಗು ಎನ್ನುವುದೊಂದೇ ಗೊತ್ತು,
ಅದನ್ನೂ ಹೇಳುವ ದಿನ ಬಾರದಿರಲಿ ಅಂತಲೇ
ಇಷ್ಟು ಎಣ್ಣೆ, ಇಷ್ಟು ಸ್ಕ್ರೂ.

ಅತಾವುಲ್ಲಾ ಮೊದಲು ಮಂಡಕ್ಕಿ ಭಟ್ಟಿಯಲ್ಲಿದ್ದವನು.
ಸ್ಕ್ರೂ ತುಟಿಯಲ್ಲಿ ಕಚ್ಚಿಕೊಂಡೇ ಹೇಳಿದ:
ಹೊಗೆ ನಂಗೊತ್ತಣ್ಣ.
ಮೊದ್ಲು ಮಾಡಿಗೆ ಹತ್ತುತ್ತೆ, ಆಮೇಲೆ ಇಳಿದು
ಪಕ್ಕದಲ್ಲೇ ಕೂತ್ಕೊಳ್ಳುತ್ತೆ, ನೆಂಟರ ಥರ.
ಚಿಲಕ ಹುಡುಕಾಕೆ ಕೈ ಎಲ್ಲಿಂದ ತರ್ತೀರಿ?
ಆವಾಗ ಕೈ ಇರಲ್ಲ. ಮೈ ಇರುತ್ತೆ ಅಷ್ಟೆ.

ಹದಿನಾಲ್ಕು ವರ್ಷ ನಾನು ಕ್ಯಾಟಲಾಗಿನಲ್ಲಿ ಓದಿದ್ದು
ಅಷ್ಟರಲ್ಲಿ ಮುಗಿಯಿತು.

ನಾಲಿಗೆ ಗೂಡಿಗೆ ಕೂರಬೇಕು, ಕಚ್ಚಬಾರದು.
ಎರಡು ಮಿಲಿಮೀಟರ್ ಅರ ಹಾಕಿದೆವು.
ಬೆವರಿಗಂಟಿದ ಲೋಹದ ಪುಡಿ ಮೊಣಕೈಯಲ್ಲಿ ಮಿನುಗುವಾಗ
ಮಾಲೀಕ ರುದ್ರಮುನಿಯಪ್ಪ ಬಂದರು.
"ಒಳಗಿಂದ ಯಾರು ಬೇಕಾದ್ರೂ ತೆಗೀಬಹುದೇನು?"
ಹೌದು.
"ಸೀರೆ ಎತ್ಕೊಂಡು ಹೋದ್ರೆ?"
ಅಲಾರಂ ಕೂಗ್ತತಿ.
"ಇದಕ್ಕೊಂದು ಬೀಗ ಜಡಿಯಾಕೆ ಬರಲ್ಲೇನ್ರಿ?"
ಈ ಊರಲ್ಲಿ ನಾನು ಹಾಕಿದ್ದು ನಲವತ್ತೊಂದು ಬಾಗಿಲು.
ನಲವತ್ತೊಂದನೇ ಸಲ, ಬರಲ್ಲ ಅಂದೆ.

ಅಂಗಡಿ ಶುರುವಾದ ದಿನ ಅವರ ತಾಯಿ ಗುರುಸಿದ್ದಮ್ಮ,
ಒಂದು ಕೈಯಲ್ಲಿ ಆರತಿ ತಟ್ಟೆ, ಸೊಂಟದಲ್ಲಿ ಮೊಮ್ಮಗಳು,
ಎಲ್ಲ ಬಾಗಿಲನ್ನೂ ಪೂಜಿಸುತ್ತ ಇಲ್ಲಿಗೂ ಬಂದರು.
ಬಗ್ಗಿ ನೋಡಿದರು. "ಹೊಸಿಲೆಲ್ಲಪ್ಪಾ?"
ಇಲ್ಲಮ್ಮಾ ಇದಕ್ಕೆ.
"ಮತ್ತೆ ಈಬತ್ತಿ ಎಲ್ಲಿಗೆ ಹಚ್ಚಲಿ?"
ತಟ್ಟೆಯನ್ನು ನನ್ನ ಕೈಗಿಟ್ಟು ಸಲಾಕೆಗೇ ಎಳೆದರು,
ಮೂರು ಬೆರಳು, ಮೂರು ಗೆರೆ.
ತಟ್ಟೆ ವಾಪಸು ತಗೊಂಡು, ಮಗು ಜಾರಿತೆಂದು
ಸೊಂಟ ಕುಲುಕಿ ಮೇಲೆತ್ತಿಕೊಳ್ಳುವಾಗ
ಸೊಂಟ ತಾಗಿತು.

ಖಟ್.

ಹಿತ್ತಲ ಗಲ್ಲಿಯ ಬಿಸಿಲು ಇಡಿಯಾಗಿ ಒಳಬಿತ್ತು.
ಅಲಾರಂ ಕೂಗಿತು. ಸೇಲ್ಸ್ ಹುಡುಗಿಯರು ಓಡಿ ಬಂದರು,
ಪುರೋಹಿತರು ಓಡಿ ಬಂದರು, ಫೋಟೋಗ್ರಾಫರ್ ಬಂದ.
ಗುರುಸಿದ್ದಮ್ಮ ಆಗಲೇ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ:
"ಯಾಕ್ರೋ, ಏನಾತು?"
ಗಾಳಿಗೆ ದೀಪ ಆರಿತ್ತು.
ಅಪಶಕುನ ಅಂದರು ಯಾರೋ.
ಬೆಂಕಿ ಆರಿದ್ದು ಈ ಬಾಗಿಲ ಮಟ್ಟಿಗೆ
ಇನ್ನೇನು ಶಕುನ ಎಂದುಕೊಂಡು
ನಾನು ಅಲಾರಂ ನಿಲ್ಲಿಸಿದೆ.

ದೀಪಾವಳಿ ಹಿಂದಿನ ವಾರ ಸರ್ವೀಸಿಗೆ ಹೋದೆವು.
ಬಾಗಿಲು ಕಾಣಲಿಲ್ಲ. ಡಬ್ಬ, ಡಬ್ಬ, ಕೈ ಮುರಿದ ಗೊಂಬೆ,
ಅದಕ್ಕುಡಿಸಿದ ಹಳೇ ಫ್ಯಾಷನ್ನಿನ ಸೀರೆ.
ಹಿಂದೆ, ಸಲಾಕೆಗೆ ಸುತ್ತಿ ಸರಪಳಿ, ಬೀಗ.
ಕೀಲಿ ಮ್ಯಾನೇಜರ್ ಹತ್ತಿರ.
ಮ್ಯಾನೇಜರ್ ದೋಸೆ ತಿನ್ನಾಕೆ ಹೋಗ್ಯಾನೆ.

ಅತಾವುಲ್ಲಾ ಮಾತಾಡಲಿಲ್ಲ.
ಡಬ್ಬಗಳನ್ನು ಒಂದೊಂದಾಗಿ ಇಳಿಸಿದ.
ಗೊಂಬೆಯನ್ನು ಎತ್ತಿ ಗೋಡೆಗೆ ಒರಗಿಸಿದ, ಮೆತ್ತಗೆ.
ಆಮೇಲೆ ಚೀಲದಿಂದ ಗರಗಸ ತೆಗೆದ.

ಸರಪಳಿ ಬಿದ್ದ ಮೇಲೆ ನೋಡಿದೆ:
ಮೂರು ಗೆರೆಯಲ್ಲಿ ಎರಡು ಮಾಸಲಾಗಿ ಉಳಿದಿದ್ದವು,
ನಡುವಿನದನ್ನು ಕೊಂಡಿ ಉಜ್ಜಿ ತಿಂದಿತ್ತು.

ಬಿಲ್ಲಿನಲ್ಲಿ ಬರೆದೆ:
ಎಣ್ಣೆ, ಸ್ಪ್ರಿಂಗ್, ಎರಡು ಸ್ಕ್ರೂ. ನಾನೂರ ಎಂಬತ್ತು.
ಸರಪಳಿ ಕೊಯ್ದದ್ದು,
ಲೆಕ್ಕಕ್ಕಿಲ್ಲ.